ಸೀಟು ಸಿಕ್ಕರೆ ಸಾಲದು, ಪಾಠವೂ ಸಿಗಬೇಕು

(ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಸಿಸ್ಟರ್ ಅವರು ಮಾಡಿದ ಭಾಷಣ)



ಇವತ್ತು ಉಳಿತಾಯ, ಸಾಲ, ಕಂತು ಇವುಗಳ ಮಾತು ಬೇಡ. ನಮ್ಮ ಹೆಣ್ಣುಮಕ್ಕಳು ಈಗ ಡಿಗ್ರಿಗೆ, ಎಂ.ಎ.ಗೆ ಹೋಗುತ್ತಿದ್ದಾರೆ. ಅಲ್ಲಿ ತರಗತಿಯ ಒಳಗೆ ಅವರಿಗೆ ಏನಾಗುತ್ತದೆ ಎಂಬುದನ್ನು ನಾವು ಕೇಳಬೇಕಾಗಿದೆ. "ಅದು ಓದಿದವರ ವಿಷಯ, ನಮಗೇನ್ ತಿಳೀತದ ಸಿಸ್ಟರ್" ಅಂತ ಅನ್ನಬೇಡ್ರಿ. ಈ ವಿಷಯ ನಿಮಗೆ ಚೆನ್ನಾಗಿಯೇ ಗೊತ್ತಿದೆ. ಅದನ್ನೇ ಹೇಳಲು ಬಂದಿದ್ದೇನೆ.

ಯಲಬುರ್ಗಾ ಕಡೆಯ ಒಂದು ಸಂಘದ ಸದಸ್ಯೆ ಕಳೆದ ವರ್ಷ ನನ್ನ ಹತ್ತಿರ ಬಂದು ಅತ್ತರು. ಅವರ ಮಗಳು ಆ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳು. ಎರಡನೇ ಸೆಮಿಸ್ಟರ್‌ನಲ್ಲಿ ಬಿಟ್ಟು ಮನೆಗೆ ಬಂದಳು. "ಸೀಟು ಸಿಕ್ಕಿತ್ತು, ಸ್ಕಾಲರ್‌ಶಿಪ್ ಬಂದಿತ್ತು, ಬಸ್ಸೂ ಫ್ರೀ. ಮತ್ತ್ಯಾಕ ಬಿಟ್ಳು?" ಎಂದು ತಾಯಿ ಕೇಳಿದರು.

ನಾನು ಹುಡುಗಿಯ ಹತ್ತಿರ ಕೂತು ಮಾತಾಡಿದೆ. ಮೊದಲು ಬಾಯೇ ಬಿಡಲಿಲ್ಲ. ಆಮೇಲೆ ಒಂದೊಂದಾಗಿ ಹೇಳಿದಳು. ಊರ ಬಸ್ಸು ಮುಟ್ಟುವ ಹೊತ್ತಿಗೆ ಮೊದಲ ಪಾಠ ಅರ್ಧ ಮುಗಿದಿರುತ್ತಿತ್ತು. ತಡವಾಗಿ ಬಂದಳೆಂದು ಬಾಗಿಲಲ್ಲಿ ನಿಲ್ಲಿಸುತ್ತಿದ್ದರು. ಹಾಜರಾತಿ ಕಡಿಮೆಯಾಯಿತು. ಹಿಂದಿನ ಬೆಂಚು ಕಾಯಂ ಆಯಿತು. ಪಾಠ ಇಂಗ್ಲಿಷಿನಲ್ಲಿ, ನೋಟ್ಸ್ ವಾಟ್ಸಾಪಿನಲ್ಲಿ, ಫೋನು ಅಣ್ಣನ ಕೈಯಲ್ಲಿ. ಕೊನೆಗೆ ಅವಳು ಹೇಳಿದ ಮಾತು ನನ್ನ ಎದೆಗೆ ನಾಟಿತು: "ಸಿಸ್ಟರ್, ಇಡೀ ವರ್ಷ ಯಾರೂ ನನ್ನ ಹೆಸರು ಹಿಡಿದು ಒಂದು ಪ್ರಶ್ನೆ ಕೇಳಲಿಲ್ರೀ."

ನೋಡಿ, ಬಾಗಿಲು ತೆರೆಯಲು ಎಷ್ಟೆಲ್ಲ ಆಗಿದೆ! 371(ಜೆ) ಕಲಮಿನಿಂದ ನಮ್ಮ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು ಸೀಟು ಇಲ್ಲಿಯವರಿಗೇ ಎಂದು 2013ರಲ್ಲಿ ಆದೇಶವಾಯಿತು. 2023ರಲ್ಲಿ ಕುಕನೂರು ತಾಲ್ಲೂಕಿನ ತಳಕಲ್‌ನಲ್ಲಿ ಕೊಪ್ಪಳ ವಿಶ್ವವಿದ್ಯಾಲಯ ಶುರುವಾಯಿತು. ಅದೇ ವರ್ಷ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಇವೆಲ್ಲ ಬಾಗಿಲಿನ ತನಕ ಕರೆದೊಯ್ಯುತ್ತವೆ. ಒಳಗೆ ಹೋದ ಮೇಲೆ ಪಾಠ ಕೊನೆಯ ಬೆಂಚಿನ ತನಕ ಮುಟ್ಟದಿದ್ದರೆ, ಆ ಮಗು ಹೊರಗೇ ನಿಂತ ಹಾಗೆ.

"ನಾವು ಎಲ್ಲರಿಗೂ ಒಂದೇ ಪಾಠ ಮಾಡ್ತೀವಿ, ಭೇದ ಮಾಡೋದಿಲ್ಲ" ಎಂದು ಉಪನ್ಯಾಸಕರು ಹೇಳುತ್ತಾರೆ. ನಿಜವೇ. ಆದರೆ ನಿಮ್ಮ ಸಂಘದಲ್ಲಿ ಏನು ಮಾಡ್ತೀರಿ? ಅಂಗಡಿ ಇಟ್ಟವರಿಗೆ ವಾರದ ಕಂತು. ಕೂಲಿಗೆ ಹೋಗುವ ವಿಧವೆ ತಾಯಿಗೆ ಸುಗ್ಗಿ ಬಂದ ಮೇಲೆ ಕಂತು. ಇದು ಅನ್ಯಾಯವೇನ್ರೀ? ಅಲ್ಲ. ಇಬ್ಬರೂ ಸಾಲ ತೀರಿಸಲಿ ಎಂದು ಮಾಡಿದ ದಾರಿ. ಎಲ್ಲರಿಗೂ ಒಂದೇ ಅಳತೆ ಹಿಡಿಯುವುದು ಸಮಾನತೆ ಅನ್ನಿಸಬಹುದು. ಎಲ್ಲರೂ ಗುರಿ ಮುಟ್ಟುವಂತೆ ನೋಡಿಕೊಳ್ಳುವುದು ನ್ಯಾಯ. ತರಗತಿಗೂ ಇದೇ ಲೆಕ್ಕ.

ನಾನೂ ತಪ್ಪು ಮಾಡಿದವಳೇ. ಒಮ್ಮೆ ಸಂಘದ ಪ್ರತಿನಿಧಿಗಳಿಗೆ ತರಬೇತಿ ಕೊಟ್ಟೆ. ಪ್ರಶ್ನೆ ಕೇಳಿದಾಗಲೆಲ್ಲ ಮುಂದೆ ಕೂತ ಮೂವರೇ ಉತ್ತರ ಕೊಟ್ಟರು. ತರಬೇತಿ ಚೆನ್ನಾಗಿ ಆಯಿತು ಎಂದುಕೊಂಡೆ. ಹೋಗುವಾಗ ಒಬ್ಬ ಹಿರಿಯ ತಾಯಿ ಬಾಗಿಲಲ್ಲಿ ನಿಂತು, "ಸಿಸ್ಟರ್, ನಾವು ಮೂವತ್ತು ಮಂದಿ ಬಂದಿದ್ವಿ. ನೀವು ಮೂರು ಮಂದಿಗೆ ಟ್ರೇನಿಂಗ್ ಕೊಟ್ರಿ" ಎಂದರು. ಎಂ.ಎಸ್.ಡಬ್ಲ್ಯೂ. ಓದಿ ಕಲಿಯದ್ದನ್ನು ಅವತ್ತು ಕಲಿತೆ.

ಅಂದಿನಿಂದ ಪ್ರಶ್ನೆ ಕೇಳಿದ ಕೂಡಲೇ ಉತ್ತರ ತೆಗೆದುಕೊಳ್ಳುವುದಿಲ್ಲ. ಮೊದಲು ಪಕ್ಕದವರ ಜೊತೆ ಎರಡು ನಿಮಿಷ ಮಾತಾಡಿರಿ ಎನ್ನುತ್ತೇನೆ. ಆಮೇಲೆ ಹಿಂದಿನ ಸಾಲಿನಿಂದ ಶುರು ಮಾಡುತ್ತೇನೆ. ಪ್ರತಿಯೊಬ್ಬರ ಹೆಸರು ಹಿಡಿದು ಕರೆಯುತ್ತೇನೆ. ನೀವು ಸಂಘದಲ್ಲಿ ಮಾಡುವುದೂ ಇದನ್ನೇ ಅಲ್ಲವೇ? ಜಮಖಾನೆ ಹಾಸಿ ದುಂಡಗೆ ಕೂಡುತ್ತೀರಿ, ಸಭೆ ನಡೆಸುವ ಸರದಿ ಬದಲಿಸುತ್ತೀರಿ, ಓದು ಬಾರದವರಿಗೆ ನಡಾವಳಿ ಓದಿ ಹೇಳಿ ಆಮೇಲೆ ಸಹಿ ಹಾಕಿಸುತ್ತೀರಿ.

ಕಾಲೇಜಿನಲ್ಲಿ ಇದು ಆಗಬಾರದೇಕೆ? ಇಂಗ್ಲಿಷ್ ಪಾಠ ಮಾಡಿದ ಮೇಲೆ ಹತ್ತು ನಿಮಿಷ ಅದರ ಸಾರವನ್ನು ಕನ್ನಡದಲ್ಲಿ ಹೇಳಬಹುದು. ನೋಟ್ಸಿನ ಒಂದು ಪ್ರತಿಯನ್ನು ಗ್ರಂಥಾಲಯದಲ್ಲಿ ಇಡಬಹುದು. ಬಸ್ಸಿನ ಸಮಯ ನೋಡಿ ಮೊದಲ ತರಗತಿ ಇಡಬಹುದು. ಇದಕ್ಕೆ ದೊಡ್ಡ ಖರ್ಚಿಲ್ಲ. ಉಪನ್ಯಾಸಕರ ಕಷ್ಟವನ್ನೂ ನಾವು ಅರಿಯಬೇಕು. ಎಷ್ಟೋ ಕಡೆ ಅತಿಥಿ ಉಪನ್ಯಾಸಕರೇ ತುಂಬಿದ ತರಗತಿಗಳನ್ನು ನಡೆಸುತ್ತಿದ್ದಾರೆ. ಜಗಳ ಮಾಡಲು ಹೋಗುವುದು ಬೇಡ, ಕೇಳಲು ಹೋಗೋಣ.

ಇನ್ನೊಂದು ಮಾತು. ನಮ್ಮ ಜಿಲ್ಲೆಯಲ್ಲಿ ದೇವದಾಸಿ ತಾಯಂದಿರ ಮಕ್ಕಳೂ ಓದುತ್ತಿದ್ದಾರೆ. ತುಂಬಿದ ತರಗತಿಯಲ್ಲಿ "ತಂದೆ ಹೆಸರೇನು?" ಎಂದು ಗಟ್ಟಿಯಾಗಿ ಕೇಳಿದರೆ ಆ ಮಗು ತಲೆ ತಗ್ಗಿಸುತ್ತದೆ. ತಲೆ ತಗ್ಗಿಸಬೇಕಾದವರು ಆ ಮಗು ಅಲ್ಲ. 2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ಒಪ್ಪಿದ ಹೊಸ ದೇವದಾಸಿ ಮಸೂದೆಯಲ್ಲಿ, ತಂದೆಯ ಹೆಸರು ಹೇಳಲೇಬೇಕೆಂದು ಇಂಥ ಮಕ್ಕಳನ್ನು ಒತ್ತಾಯಿಸಬಾರದು ಎಂಬ ಅಂಶವಿದೆ. ಹಾಗೆಯೇ ಜಾತಿ ಪ್ರಮಾಣಪತ್ರ, ಸ್ಕಾಲರ್‌ಶಿಪ್ ವಿಷಯಗಳನ್ನು ಎಲ್ಲರ ಮುಂದೆ ಕೂಗಿ ಹೇಳಬಾರದು. ಆಫೀಸಿಗೆ ಕರೆದು ಹೇಳಲಿ.

ನೀವು ತಿಳಿದಿರಬೇಕಾದ ಕೆಲವು ಸಂಗತಿಗಳು:

1. ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಸಮಾನ ಅವಕಾಶ ಘಟಕ ಇರಬೇಕು, ತಾರತಮ್ಯದ ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕು ಎಂದು ಯುಜಿಸಿ 2012ರಲ್ಲಿಯೇ ನಿಯಮ ಮಾಡಿದೆ.

2. ಕೋರ್ಸು ಇಂಗ್ಲಿಷ್ ಮಾಧ್ಯಮದ್ದಾದರೂ ಪರೀಕ್ಷೆಯನ್ನು ಸ್ಥಳೀಯ ಭಾಷೆಯಲ್ಲಿ ಬರೆಯಲು ಬಿಡಿರಿ ಎಂದು ಯುಜಿಸಿ 2023ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯಗಳನ್ನು ಕೇಳಿಕೊಂಡಿದೆ. ನಿಮ್ಮ ಮಗಳ ಕಾಲೇಜಿನಲ್ಲಿ ಇದು ಇದೆಯೇ ಎಂದು ವಿಚಾರಿಸಿರಿ.

3. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 40 ಅಥವಾ ಹೆಚ್ಚು ಅಂಗವಿಕಲತೆ ಇರುವವರಿಗೆ ಕನಿಷ್ಠ ಶೇ. 5ರಷ್ಟು ಸೀಟು ಮೀಸಲು. ಬರೆಯಲು ಕಷ್ಟ ಇರುವವರಿಗೆ ಪರೀಕ್ಷೆಯಲ್ಲಿ ಬರೆಯಲು ಸಹಾಯಕರು, ಗಂಟೆಗೆ 20 ನಿಮಿಷ ಹೆಚ್ಚಿನ ಸಮಯ ಕೇಳಲು ಅವಕಾಶವಿದೆ.

ಇದೆಲ್ಲ ಕಾಗದದ ಮೇಲಿದೆ. ಕೇಳುವವರು ಇದ್ದರೆ ಮಾತ್ರ ತರಗತಿಗೆ ಇಳಿಯುತ್ತದೆ.

ಮನೆಯಲ್ಲಿ ನಾವು ಮಾಡಬೇಕಾದದ್ದೂ ಇದೆ. ಮಗಳು ರೊಟ್ಟಿ ಬಡಿದು, ನೀರು ತುಂಬಿ, ಓಡಿ ಬಸ್ಸು ಹಿಡಿಯುತ್ತಾಳೆ. ಮಗ ಎದ್ದು ತಲೆ ಬಾಚಿಕೊಂಡು ಹೋಗುತ್ತಾನೆ. ಕಾಲೇಜಿನವರನ್ನು ಕೇಳುವ ಮುಂಚೆ ಒಲೆಯ ಮುಂದಿನ ಈ ಭೇದವನ್ನು ಸರಿ ಮಾಡೋಣ. ಫೋನು ಸಂಜೆ ಒಂದು ತಾಸು ಮಗಳ ಕೈಗೂ ಬರಲಿ.

ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಅವಳು ಇನ್ನೂ ಕಾಲೇಜಿಗೆ ಮರಳಿಲ್ಲ. ಆದರೆ ಹೋದ ತಿಂಗಳು ಅವಳ ತಾಯಿಯ ಸಂಘ ಒಂದು ಠರಾವು ಬರೆದಿದೆ. ತಾಯಿಯ ಜೊತೆ ಇಬ್ಬರು ಸದಸ್ಯರು ಪ್ರಾಂಶುಪಾಲರನ್ನು ಕಂಡು, ಮತ್ತೆ ಸೇರಿಸಿಕೊಳ್ಳಲು ಏನು ಮಾಡಬೇಕೆಂದು ಕೇಳುವುದು, ಬಸ್ಸಿನ ವಿಷಯ ಹೇಳುವುದು. ಠರಾವಿನ ಕೆಳಗೆ ಹದಿನೈದು ಸಹಿ, ಎರಡು ಹೆಬ್ಬೆಟ್ಟು. ಅವಳು ಅದನ್ನು ನೋಡಿ, "ನನ್ನ ಸಲುವಾಗಿ ಇಷ್ಟು ಮಂದಿ ಬರ್ತಾರೇನ್ರೀ?" ಎಂದು ಕೇಳಿದಳು.

ಬರ್ತೀರಲ್ಲ ತಾಯಂದಿರೇ?

ಮುಂದಿನ ಸಭೆಯಲ್ಲಿ ಚರ್ಚಿಸಿರಿ:

– ನಮ್ಮ ಸಂಘದ ಸದಸ್ಯರ ಮಕ್ಕಳಲ್ಲಿ ಕಾಲೇಜು ಬಿಟ್ಟವರು ಯಾರು? ಯಾಕೆ ಬಿಟ್ಟರು ಎಂದು ಅವರನ್ನೇ ಕೇಳಿದ್ದೇವೆಯೇ?
– ನಮ್ಮ ಸಭೆಯಲ್ಲಿ ಈ ತಿಂಗಳು ಒಂದು ಮಾತೂ ಆಡದ ಸದಸ್ಯೆ ಯಾರು?
– ಕಾಲೇಜಿಗೆ ಹೋಗಿ ಕೇಳಲು ನಮ್ಮಿಂದ ಯಾವ ಇಬ್ಬರು ಸಿದ್ಧ?