ಪಿನ್ನು ಹೊಂದಿದರೆ ಸಾಲದು: ಕೊಡುಗೆಯಾಗಿ ಬಂದ ಪ್ರಯೋಗಾಲಯ ಉಪಕರಣಗಳಿಗೆ ಸರಿಯಾದ ಅಡಾಪ್ಟರ್

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಪಠ್ಯ)



ರಸ್ತೆ, ನೀರು, ಕಂದಾಯ ವಸೂಲಾತಿಯಂತಹ ಮಹತ್ವದ ವಿಷಯಗಳ ನಡುವೆ ಅಡಾಪ್ಟರ್ ಎಂಬ ಅಂಗೈಯಗಲದ ವಸ್ತುವಿನ ಬಗ್ಗೆ ಮಾತನಾಡಲು ಅವಕಾಶ ಕೇಳಿಕೊಂಡಿದ್ದೇನೆ. ಕಾರಣವಿಷ್ಟೆ: ಈ ವಿಷಯದಲ್ಲಿ ನಾನು ಒಂದು ತಪ್ಪು ಮಾಡಿದ್ದೇನೆ. ಅದು ತಮ್ಮ ಪಂಚಾಯಿತಿಗಳಲ್ಲಿ ಮರುಕಳಿಸಬಾರದು.

ಕಳೆದ ವರ್ಷ ಇಂಜಿನಿಯರಿಂಗ್ ಕಾಲೇಜೊಂದು ತನ್ನ ಪ್ರಯೋಗಾಲಯವನ್ನು ನವೀಕರಿಸುವಾಗ, ಬಳಸಿದ ಉಪಕರಣಗಳನ್ನು ನಮ್ಮ ವ್ಯಾಪ್ತಿಯ ಸರ್ಕಾರಿ ಪ್ರೌಢಶಾಲೆಗೆ ಕೊಡುಗೆಯಾಗಿ ನೀಡಿತು. ಎರಡು ಆಸಿಲೋಸ್ಕೋಪ್‌ಗಳು, ಆರು ಸಣ್ಣ ಸಿಗ್ನಲ್ ಜನರೇಟರ್‌ಗಳು ಬಂದವು. ಜನರೇಟರ್‌ಗಳ ಅಡಾಪ್ಟರ್‌ಗಳು ಮಾತ್ರ ಬರಲಿಲ್ಲ. ಬೇರೆಯಾಗಿ ಇಡುವ ವಸ್ತುವಾದುದರಿಂದ ಹಳೆಯ ಉಪಕರಣಗಳಲ್ಲಿ ಮೊದಲು ಕಳೆದುಹೋಗುವುದು ಅದೇ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು ಪಂಚಾಯಿತಿಯ ನೆರವು ಕೋರಿದರು.

ನಾನು ಇಂಜಿನಿಯರಿಂಗ್ ಪದವೀಧರ. ಇದೇನು ಮಹಾ ಎಂದುಕೊಂಡೆ. ಉಪಕರಣದ ಮೇಲೆ 12 ವೋಲ್ಟ್ ಎಂದಿತ್ತು. 12 ವೋಲ್ಟಿನ ಆರು ಅಡಾಪ್ಟರ್‌ಗಳನ್ನು ತರಿಸಿದೆ. ಪಿನ್ನು ಸರಿಯಾಗಿ ಕೂತಿತು. ಮಕ್ಕಳೆಲ್ಲ ಸುತ್ತ ನಿಂತಿದ್ದಾಗ ಸ್ವಿಚ್ ಹಾಕಿದೆವು. ದೀಪ ಹತ್ತಲಿಲ್ಲ, ಸುಟ್ಟ ವಾಸನೆ ಬಂತು. ಆ ಉಪಕರಣಕ್ಕೆ ಪಿನ್ನಿನ ನಡುಭಾಗ ಋಣ, ಹೊರಭಾಗ ಧನ ಇರಬೇಕಿತ್ತು. ನಾವು ತಂದ ಅಡಾಪ್ಟರ್‌ಗಳಲ್ಲಿ ಅದು ತಿರುವುಮುರುವಾಗಿತ್ತು. ಉಪಕರಣದ ಮೇಲೆಯೇ ಮುದ್ರಿತವಾಗಿದ್ದ ಪುಟ್ಟ ಚಿಹ್ನೆಯನ್ನು ನಾನು ನೋಡಿರಲಿಲ್ಲ.

ಮುಂದಿನ ಸಾಮಾನ್ಯ ಸಭೆಯಲ್ಲಿ, ಉಳಿದವನ್ನೂ ಗುಜರಿಗೆ ಹಾಕಿಬಿಡೋಣ ಎಂಬ ಮಾತು ಬಂತು. ಆಗ ಒಬ್ಬ ಸದಸ್ಯೆಯವರು, "ಸರ್, ಬೋರ್‌ವೆಲ್ ಮೋಟಾರಿನ ಫೇಸ್ ಅದಲುಬದಲಾದರೆ ಮೋಟಾರು ಉಲ್ಟಾ ತಿರುಗುತ್ತದೆ. ಹಾಗೆಂದು ನಾವು ಮೋಟಾರನ್ನೇ ಎಸೆಯುತ್ತೇವೆಯೇ?" ಎಂದು ಕೇಳಿದರು. ಸಭೆ ಒಂದು ತಿಂಗಳ ಕಾಲಾವಕಾಶ ಕೊಟ್ಟಿತು. ಆ ತಿಂಗಳಲ್ಲಿ ನಾನು ರೂಢಿಸಿಕೊಂಡ ಪರಿಶೀಲನೆಯ ಕ್ರಮವನ್ನು ತಮ್ಮ ಮುಂದಿಡುತ್ತೇನೆ.

ಮೊದಲನೆಯದು ವೋಲ್ಟ್. ನೀರಿನ ಟ್ಯಾಂಕಿನ ಎತ್ತರ ಇದ್ದಂತೆ ಇದು. ಉಪಕರಣ ಕೇಳುವಷ್ಟೇ ಇರಬೇಕು. ಹೆಚ್ಚಾದರೆ ಉಪಕರಣ ಹಾಳಾಗಬಹುದು, ಕಡಿಮೆಯಾದರೆ ಸರಿಯಾಗಿ ನಡೆಯುವುದಿಲ್ಲ. ಒಳಗೆ ಟ್ರಾನ್ಸ್‌ಫಾರ್ಮರ್ ಇರುವ, ಕೈಗೆ ಭಾರವೆನಿಸುವ ಹಳೆಯ ಅಡಾಪ್ಟರ್‌ಗಳ ಬಗ್ಗೆ ಎಚ್ಚರವಿರಲಿ. 12 ವೋಲ್ಟ್ ಎಂದು ಬರೆದಿದ್ದರೂ, ಹೊರೆ ಇಲ್ಲದಾಗ ಅವು 16 ವೋಲ್ಟ್‌ವರೆಗೂ ಕೊಡಬಲ್ಲವು. ಬೇಕಾದ ವೋಲ್ಟಿಗೆ ತಿರುಗಿಸಿಕೊಳ್ಳುವ ಗುಂಡಿಯುಳ್ಳ ಅಡಾಪ್ಟರ್ ಶಾಲೆಗೆ ಬೇಡ. ಮಕ್ಕಳ ಕೈ ಆ ಗುಂಡಿಯ ಮೇಲೆ ಹೋಗಿಯೇ ಹೋಗುತ್ತದೆ.

ಎರಡನೆಯದು ಆಂಪಿಯರ್. ಟ್ಯಾಂಕು ಎಷ್ಟೇ ದೊಡ್ಡದಿರಲಿ, ನಲ್ಲಿ ತನಗೆ ಬೇಕಾದಷ್ಟೇ ನೀರು ಬಿಡುತ್ತದೆ. ಹಾಗೆಯೇ ಅರ್ಧ ಆಂಪಿಯರ್ ಬೇಕಾದ ಉಪಕರಣಕ್ಕೆ 1 ಆಂಪಿಯರಿನ ಅಡಾಪ್ಟರ್ ಹಾಕಿದರೆ ತೊಂದರೆಯಿಲ್ಲ. 300 ಮಿಲಿ ಆಂಪಿಯರಿನದನ್ನು ಹಾಕಿದರೆ ಅದು ಕಾದು ಕೆಡುತ್ತದೆ.

ಮೂರನೆಯದು ಎಸಿಯೋ ಡಿಸಿಯೋ ಎಂಬುದು, ಡಿಸಿಯಾದರೆ ಧ್ರುವ. ಕೆಲವು ಉಪಕರಣಗಳು ಎಸಿ ಹೊರಹಾಕುವ ಅಡಾಪ್ಟರನ್ನೇ ಬೇಡುತ್ತವೆ. ಡಿಸಿಯದಾದರೆ, ಉಪಕರಣದ ಮೇಲೆ ಒಂದು ಚುಕ್ಕೆ, ಅದನ್ನು ಸುತ್ತುವರಿದ ಅರ್ಧ ಬಳೆಯಂತಹ ಗೆರೆ, ಇಕ್ಕೆಲಗಳಲ್ಲಿ ಪ್ಲಸ್ ಮತ್ತು ಮೈನಸ್ ಗುರುತು ಸಾಮಾನ್ಯವಾಗಿ ಇರುತ್ತವೆ. ಚುಕ್ಕೆ ಎಂದರೆ ಪಿನ್ನಿನ ನಡುಭಾಗ. ಬಳೆ ಎಂದರೆ ಹೊರಭಾಗ. ಚುಕ್ಕೆಗೆ ಕೂಡಿದ ಗುರುತು ಎರಡರಲ್ಲೂ ಒಂದೇ ಇರಬೇಕು. ಬೋರ್‌ವೆಲ್ ಮೋಟಾರು ಉಲ್ಟಾ ತಿರುಗಿದರೆ ವೈರು ಬದಲಿಸಿ ಸರಿಪಡಿಸಬಹುದು. ಇಲ್ಲಿ ಎಷ್ಟೋ ಬಾರಿ ಎರಡನೆಯ ಅವಕಾಶವೇ ಸಿಗುವುದಿಲ್ಲ. ಆದ್ದರಿಂದ ಉಪಕರಣಕ್ಕೆ ಜೋಡಿಸುವ ಮೊದಲೇ ಮಲ್ಟಿಮೀಟರಿನ ಕೆಂಪು ಕಡ್ಡಿಯನ್ನು ಪಿನ್ನಿನ ತೂತಿಗೂ ಕಪ್ಪು ಕಡ್ಡಿಯನ್ನು ಹೊರಭಾಗಕ್ಕೂ ತಾಗಿಸಿ ನೋಡಬೇಕು. ಅಂಕಿಯ ಹಿಂದೆ ಮೈನಸ್ ಗುರುತು ಬಂದರೆ ನಡುಭಾಗ ಋಣ ಎಂದರ್ಥ.

ನಾಲ್ಕನೆಯದು ಪಿನ್ನಿನ ಅಳತೆ. ಹೊರವ್ಯಾಸ 5.5 ಮಿಲಿಮೀಟರ್ ಇರುವ ಪಿನ್ನುಗಳಲ್ಲೇ ಒಳತೂತು 2.1 ಮತ್ತು 2.5 ಮಿಲಿಮೀಟರ್ ಎಂದು ಎರಡು ಬಗೆಯಿವೆ. ಕಣ್ಣಿಗೆ ಎರಡೂ ಒಂದೇ. 2.1ರ ಜಾಗಕ್ಕೆ 2.5ರದನ್ನು ಹಾಕಿದರೆ ಸಡಿಲವಾಗಿ, ಸಂಪರ್ಕ ಬಂದು ಬಂದು ಹೋಗುತ್ತದೆ.

ಐದನೆಯದು ಸುರಕ್ಷತೆ. ಖರೀದಿಸುವ ಅಡಾಪ್ಟರಿನ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತು ಮತ್ತು ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಆ ಸಂಖ್ಯೆ ನಿಜವೇ ಎಂಬುದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು.

ಆಸಿಲೋಸ್ಕೋಪ್‌ಗಳ ಮಾತೇ ಬೇರೆ. ಅವುಗಳ ಪವರ್ ಸಪ್ಲೈ ಒಳಗೇ ಇತ್ತು. ಮೊದಲ ಪಾಠ ಕಲಿತಿದ್ದರಿಂದ ಹಿಂಬದಿಯನ್ನು ನೋಡಿದೆ. ಒಂದರಲ್ಲಿ 115 ಮತ್ತು 230 ಎಂಬ ಆಯ್ಕೆಯ ಸ್ವಿಚ್ ಇತ್ತು, ಅದು 115ರಲ್ಲಿತ್ತು! ವಿಚಾರಿಸಿದಾಗ, ವಿದೇಶದಿಂದ ತರಿಸಿದ್ದ ಆ ಉಪಕರಣವನ್ನು ಕಾಲೇಜಿನವರು ವೋಲ್ಟ್ ಇಳಿಸುವ ಟ್ರಾನ್ಸ್‌ಫಾರ್ಮರ್ ಮೂಲಕ ನಡೆಸುತ್ತಿದ್ದರೆಂದು ತಿಳಿಯಿತು. ನಮ್ಮ 230 ವೋಲ್ಟಿಗೆ ಹಾಗೆಯೇ ಜೋಡಿಸಿದ್ದರೆ ಅದನ್ನೂ ಕಳೆದುಕೊಳ್ಳುತ್ತಿದ್ದೆವು. ಸ್ವಿಚ್ ಬದಲಿಸುವುದರ ಜೊತೆಗೆ, 230ಕ್ಕೆ ಸೂಚಿಸಿರುವ ಕಡಿಮೆ ಆಂಪಿಯರಿನ ಫ್ಯೂಸನ್ನೂ ತಂತ್ರಜ್ಞರಿಂದ ಹಾಕಿಸಿದೆವು. ಇಂತಹ ಉಪಕರಣಗಳ ಮುಚ್ಚಳವನ್ನು ಶಾಲೆಯಲ್ಲಿ ಯಾರೂ ತೆರೆಯಬಾರದು. ಕೆಲವು ಬಗೆಯ ಪವರ್ ಸಪ್ಲೈಗಳಲ್ಲಿ ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೀರಿದ ವಿದ್ಯುತ್ ಉಳಿದಿರಬಹುದು. ಮೂರು ಕಡ್ಡಿಯ ಪ್ಲಗ್ಗನ್ನು ಕತ್ತರಿಸಿ ಎರಡು ಕಡ್ಡಿಯದಾಗಿ ಮಾಡುವುದೂ ಸಲ್ಲದು; ಮೂರನೆಯದು ಅರ್ಥಿಂಗ್, ಅದು ಮಗುವಿನ ಜೀವಕ್ಕೆ ಕಾವಲು.

ಸದಸ್ಯರಾದ ತಾವು ಸರ್ಕ್ಯೂಟ್ ಕಲಿಯಬೇಕಾಗಿಲ್ಲ. ಖರೀದಿಯ ವಿಷಯ ಸಭೆಗೆ ಬಂದಾಗ, "ಅಡಾಪ್ಟರ್, ಸಂಖ್ಯೆ 6" ಎಂದಷ್ಟೇ ಇರುವ ಟಿಪ್ಪಣಿಯನ್ನು ಒಪ್ಪಬೇಡಿ. ವೋಲ್ಟ್, ಆಂಪಿಯರ್, ಧ್ರುವ, ಪಿನ್ನಿನ ಅಳತೆ, ನೋಂದಣಿ ಗುರುತು, ಈ ಐದೂ ದರಪಟ್ಟಿ ಕೇಳುವ ಪತ್ರದಲ್ಲೇ ಇವೆಯೇ ಎಂದು ಕೇಳಿ. ವಿವರವಿಲ್ಲದೆ ಕರೆದ ದರಪಟ್ಟಿಯಲ್ಲಿ ಅಗ್ಗದ್ದು ಗೆಲ್ಲುತ್ತದೆ, ಸರಿಯಾದದ್ದಲ್ಲ. ಕೊಡುಗೆ ಸ್ವೀಕರಿಸುವಾಗಲೇ ಅಡಾಪ್ಟರ್ ಮತ್ತು ಕೈಪಿಡಿಯನ್ನು ಕೇಳಿ ಪಡೆಯಲು ಶಾಲೆಯವರಿಗೆ ತಿಳಿಸಿ. ಬಂದ ಮೇಲೆ ಉಪಕರಣಕ್ಕೂ ಅದರ ಅಡಾಪ್ಟರಿಗೂ ಒಂದೇ ಸಂಖ್ಯೆಯ ಚೀಟಿ ಅಂಟಿಸಿ, ದಾಸ್ತಾನು ವಹಿಯಲ್ಲಿ ನಮೂದಿಸಿರಲಿ. ದುರಸ್ತಿಯಾಗದೆ ಉಳಿದದ್ದನ್ನು ಗುಜರಿಯವರಿಗೆ ಕೊಡಬೇಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದು ನೋಂದಾಯಿತ ಮರುಬಳಕೆದಾರರಿಗೆ ಸೇರಬೇಕು.

ಸುಟ್ಟ ಜನರೇಟರನ್ನು ಉಳಿಸಲಾಗಲಿಲ್ಲ. ವಹಿಯಲ್ಲಿ ಕಾರಣವನ್ನು ನನ್ನ ಹೆಸರಿನಲ್ಲೇ ಬರೆದಿದ್ದೇನೆ. ಉಳಿದ ಐದು ಈಗ ನಡೆಯುತ್ತಿವೆ. ಸೆಕೆಂಡಿಗೆ 50 ಆವರ್ತ ಎಂದು ಪುಸ್ತಕದಲ್ಲಿ ಓದಿದ್ದ ಹತ್ತನೆಯ ತರಗತಿಯ ಮಕ್ಕಳು, ಆ ಅಲೆಯನ್ನು ಆಸಿಲೋಸ್ಕೋಪಿನ ಪರದೆಯ ಮೇಲೆ ಕಣ್ಣಾರೆ ಕಂಡಿದ್ದಾರೆ. ಆ ಒಂದು ತಿಂಗಳನ್ನು ಸಭೆ ಕೊಡದಿದ್ದರೆ ಅವೆಲ್ಲವೂ ಗುಜರಿಯ ತಕ್ಕಡಿ ಸೇರುತ್ತಿದ್ದವು. ತಮ್ಮ ಪಂಚಾಯಿತಿಯ ಶಾಲೆಯ ಮೂಲೆಯಲ್ಲೂ ಇಂತಹ ಪೆಟ್ಟಿಗೆಗಳಿದ್ದರೆ, ಕೆಟ್ಟಿವೆ ಎಂದು ತೀರ್ಮಾನಿಸುವ ಮೊದಲು ಅವುಗಳ ಹಿಂಬದಿಯ ಚೀಟಿಯನ್ನು ಒಮ್ಮೆ ಓದಿಸಿ ನೋಡಿ ಎಂದು ವಿನಂತಿಸುತ್ತಾ ನನ್ನ ಮಾತುಗಳನ್ನು ಮುಗಿಸುತ್ತೇನೆ.