ನೀರೊಲೆಯ ಉರಿ

ಚಳಿ ದೇಶಗಳಲ್ಲಿ ಮನೆಯನ್ನೇ ಬೆಚ್ಚಗಿಡಲು ಫರ್ನೇಸ್ ಇಟ್ಟುಕೊಳ್ಳುತ್ತಾರೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಕಡೆ ಆ ಗೋಜಿಲ್ಲ. ಮಾಗಿಯ ಬೆಳಗ್ಗೆ ಮೈ ಬೆಚ್ಚಗಾದರೆ ಸಾಕು. ಅದಕ್ಕೆ ಬಚ್ಚಲಲ್ಲಿ ನೀರೊಲೆ, ಅದರ ಮೇಲೆ ತಾಮ್ರದ ಹಂಡೆ. ಬಾಣಂತಿ ಇದ್ದ ಮನೆಯಲ್ಲಿ ಮಾತ್ರ ಕೋಣೆಯೊಳಗೂ ಕೆಂಡದ ಅಗ್ಗಿಷ್ಟಿಕೆ. ಕದ ಮುಚ್ಚಿದ ಕೋಣೆಯಲ್ಲಿ ಆ ಕೆಂಡದ ಗಾಳಿ ಜೀವಕ್ಕೇ ಕುತ್ತು ಅನ್ನುವುದು ಬೇರೆ ಮಾತು.

ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಶ್ರೀರಂಗಪಟ್ಟಣಕ್ಕೆ ಬಂದ ಸಮೀಕ್ಷಕ ಫ್ರಾನ್ಸಿಸ್ ಬುಕನನ್ ಅಲ್ಲಿ ಸೌದೆ ದುಬಾರಿ, ಜನ ಹೆಚ್ಚಾಗಿ ಉರಿಸುವುದು ಬೆರಣಿ ಎಂದು ಬರೆದಿಟ್ಟ. ಸುತ್ತಲೂ ಕಾವೇರಿ ಹರಿಯುವ ಊರಿನಲ್ಲಿ ಕಟ್ಟಿಗೆಗೆ ಬರ! ಹೊಲಕ್ಕೆ ಹೋಗಬೇಕಾದ ಸಗಣಿ ಒಲೆ ಸೇರುತ್ತಿತ್ತು. ಮಳೆ ನಂಬಿದ ನಾಗಮಂಗಲದ ಹೊಲಗಳಲ್ಲಿ ತೊಗರಿ ಕಡ್ಡಿ, ಬೇಲಿಯ ಜಾಲಿ, ತೆಂಗಿನ ಮಟ್ಟೆ. ಬೆಳೆ ಯಾವುದೋ ಉರಿಯೂ ಅದೇ.

ಹಾಗಾಗಿ ನೀರು ಬಂದಾಗ ಉರುವಲೂ ಬದಲಾಯಿತು. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ ಮುಗಿಯಿತು, ನಾಲೆ ಹರಿಯಿತು, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಹುಟ್ಟಿತು. ಪಾಂಡವಪುರದ ಸುತ್ತ ಕಬ್ಬು, ಕಬ್ಬಿನ ಜೊತೆಗೆ ಆಲೆಮನೆ. ರಸ ಹಿಂಡಿದ ರಚ್ಚನ್ನು ಬಿಸಿಲಿಗೆ ಹರಡಿ, ಒಣಗಿಸಿ, ಕೊಪ್ಪರಿಗೆಯ ಕೆಳಗೆ ನೂಕುತ್ತಾರೆ. ಕಬ್ಬಿನ ರಸವನ್ನು ಕಬ್ಬೇ ಬೇಯಿಸುತ್ತದೆ. ಮಳೆ ಹಿಡಿದು ರಚ್ಚು ಒಣಗದಿದ್ದರೆ ಎಡವಟ್ಟು. ಆಗ ಹಳೇ ಟೈರು ಸುಟ್ಟವರೂ ಇದ್ದಾರೆ. ಆ ಕರಿ ಹೊಗೆ ಊರಿನ ಮೂಗಿಗೆ ಬಡಿದದ್ದೂ ಉಂಟು.

ರಚ್ಚು ಆಲೆಮನೆಗೇ ಮುಗಿದರೆ ಮನೆಗೆ ಉಳಿಯುವುದು ಕಬ್ಬಿನ ತರಗು. ಭಗ್ಗನೆ ಹತ್ತಿ ಭಗ್ಗನೆ ಆರುವ ವಸ್ತು. ಹಂಡೆ ಕಾಯುವ ತನಕ ಒಬ್ಬರು ಒಲೆ ಮುಂದೆ ಕೂತು ತುರುಕುತ್ತಲೇ ಇರಬೇಕು, ಆ ಒಬ್ಬರು ಯಾವಾಗಲೂ ಹೆಂಗಸೇ. ಈ ಲೆಕ್ಕದಲ್ಲಿ ತೆಂಗಿನ ಮಟ್ಟೆ ವಾಸಿ: ಬುಡ ಹೊತ್ತಿಸಿ ಆಗಾಗ ಒಳಗೆ ತಳ್ಳಿದರಾಯಿತು, ನಡುವೆ ಹಿಟ್ಟು ತಿರುವಿ ಬರಬಹುದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಹುಟ್ಟಿದ ಅಸ್ತ್ರ ಘಟಕ ಮುಂದೆ ಹೊಗೆಗೊಳವೆಯ ಅಸ್ತ್ರ ಒಲೆ ಕೊಟ್ಟಿತು. ಅಡುಗೆಮನೆಯ ಹೊಗೆಗೆ ದಾರಿಯಾಯಿತು, ಸೌದೆಯೂ ಉಳಿಯಿತು. 2016ರ ಉಜ್ವಲ ಯೋಜನೆಯಿಂದ ಬಡವರ ಮನೆಗೂ ಸಿಲಿಂಡರ್ ಬಂತು. ಆದರೆ ಹಂಡೆ ನೀರಿಗೆ ಗ್ಯಾಸ್ ಸುಡಲು ಯಾರಿಗೆ ಮನಸ್ಸು ಬರುತ್ತದೆ? ತಾರಸಿ ಇದ್ದವರು ಸೋಲಾರ್ ಹಾಕಿಸಿದರು; ಮೋಡ ಕವಿದ ದಿನ ಮತ್ತೆ ನೀರೊಲೆಗೇ ಬಂದರು.

ಈಗ ಕರೆಂಟಿನ ಸರದಿ. 20 ಲೀಟರ್ ನೀರನ್ನು 20 ಡಿಗ್ರಿಯಿಂದ 45ಕ್ಕೆ ಏರಿಸಲು ಅರ್ಧ ಯೂನಿಟ್‌ಗಿಂತ ತುಸು ಹೆಚ್ಚು ಬೇಕು. ದಿನಕ್ಕೆ ತಲಾ ಅಷ್ಟು ನೀರೆಂದರೆ ಐವರ ಮನೆಗೆ ತಿಂಗಳಿಗೆ ತೊಂಬತ್ತು ಯೂನಿಟ್ ಹತ್ತಿರ. 2023ರ ಉಚಿತ ಕರೆಂಟಿನ ಯೋಜನೆ ಗೃಹಜ್ಯೋತಿಯ ಮಿತಿ 200 ಯೂನಿಟ್, ಅದೂ ಹಿಂದಿನ ಬಳಕೆಯ ಸರಾಸರಿ ನೋಡಿ. ಹೀಗಾಗಿ ಹಿತ್ತಲಲ್ಲಿ ಮಟ್ಟೆ ಬೀಳುವ ಕೆ.ಆರ್.ಪೇಟೆಯ ತೋಟದ ಮನೆಗಳವರು ನೀರೊಲೆ ಕೆಡವಲು ಅವಸರ ಮಾಡಿಲ್ಲ. ಬಕೆಟ್ಟಿಗೆ ಕಾಯಿಲ್ ಇಳಿಬಿಡುವವರು ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಿ.