ಮಕ್ಕಳನ್ನು ಸ್ಕೌಟ್ ದಳಕ್ಕೆ ಸೇರಿಸಿರಿ



ಭದ್ರಾವತಿ ಕಡೆಯ ಹಳ್ಳಿಯೊಂದರಲ್ಲಿ ಯಜಮಾನರೊಬ್ಬರು ನನ್ನನ್ನು ಕೇಳಿದರು: “ಅಲ್ಲ ಸ್ವಾಮಿ, ಅಡಿಕೆ ಸುಲಿಯೋ ಕಾಲದಲ್ಲಿ ಹುಡುಗ ದಳ ಅಂತ ಹೊರಟ್ರೆ ಮನೆಗೆಲಸ ಯಾರು ಮಾಡ್ತಾರೆ?” ಮಾತು ಸುಳ್ಳಲ್ಲ. ಆದರೆ ಅವರ ಗದ್ದೆಯ ಪಕ್ಕದಲ್ಲೇ ಭದ್ರಾ ನಾಲೆ ಹರಿಯುತ್ತದೆ. ಯಾರಾದರೂ ಜಾರಿಬಿದ್ದರೆ ಹುಡುಗ ಏನು ಮಾಡಬೇಕು? ಹಿಂದೆಯೇ ಧುಮುಕಿದರೆ ಎರಡು ಜೀವ ಹೋದೀತು. ಜನರನ್ನು ಕೂಗಬೇಕು, ದಡದಿಂದಲೇ ಹಗ್ಗ ಎಸೆಯಬೇಕು.

ಹಗ್ಗದ ಗಂಟು, ಪ್ರಥಮ ಚಿಕಿತ್ಸೆ, ನಾಲ್ವರೊಡನೆ ಹೊಂದಿ ದುಡಿಯುವುದು, ಇವನ್ನೆಲ್ಲ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಕಲಿಸುತ್ತದೆ. ಈ ಸಂಸ್ಥೆ ಹುಟ್ಟಿದ್ದು 1950ರ ನವೆಂಬರ್ 7ರಂದು. 5ರಿಂದ 10 ವರ್ಷದೊಳಗಿನ ಹುಡುಗರು ಕಬ್, ಹುಡುಗಿಯರು ಬುಲ್‌ಬುಲ್. 10 ತುಂಬಿದ ಮೇಲೆ ಸ್ಕೌಟ್, ಗೈಡ್. ಜಾತಿಮತದ ಭೇದವಿಲ್ಲ.

ನೀವು ಮಾಡಬೇಕಾದ್ದು ಇಷ್ಟೆ: ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು ದಳ ಇದೆಯೇ ಎಂದು ವಿಚಾರಿಸಿರಿ. ಇಲ್ಲದಿದ್ದರೆ ನಾಲ್ಕಾರು ಮನೆಯವರು ಕೂಡಿ ಕೇಳಿಕೊಳ್ಳಿರಿ; ಶಿವಮೊಗ್ಗದಲ್ಲಿ ಜಿಲ್ಲಾ ಸಂಸ್ಥೆಯಿದೆ. ಸುಗ್ಗಿಯ ಕೆಲಸವಿದ್ದರೂ ದಳ ಸೇರುವ ಹೊತ್ತಿಗೆ ಮಕ್ಕಳನ್ನು ಬಿಡಿರಿ. ಮಗನನ್ನು ಕಳಿಸಿ ಮಗಳನ್ನು ಒಲೆಯ ಮುಂದೆ ಕೂರಿಸಬೇಡಿರಿ. ನಾಲೆಯ ನೀರು ಗಂಡು ಹೆಣ್ಣು ಅಂತ ನೋಡೋದಿಲ್ಲ.